ಅಂಗೈ ಮತ್ತು ಕರುಳು

ನಾನು ಬಸ್ ಕಂಡಕ್ಟರ್. ಮನೆ ಬೆಟಗೇರಿಯ ನೇಕಾರ ಓಣಿಯಲ್ಲಿದೆ. ಕೆಲಸಕ್ಕೆ ಸೇರಿದಾಗಿನಿಂದ ಹೆಚ್ಚಾಗಿ ಗದಗ–ಲಕ್ಷ್ಮೇಶ್ವರ, ಗದಗ–ಶಿರಹಟ್ಟಿ, ಗದಗ–ಮುಂಡರಗಿ ಮಾರ್ಗಗಳಲ್ಲೇ ತಿರುಗಿದ್ದೇನೆ. ನನಗೆ ಎರಡು ಕಾಯಿಲೆಗಳಿವೆ. ಒಂದು ಚರ್ಮದ್ದು, ಸೋರಿಯಾಸಿಸ್. ಇನ್ನೊಂದು ಕರುಳಿನದು, ಕ್ರೋನ್ಸ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಬಹಳ ವರ್ಷ ನನಗೆ ಯಾರೂ ಹೇಳಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

2011ರ ಚಳಿಗಾಲದಲ್ಲಿ ಎಡ ಮೊಣಕೈ ಮೇಲೆ ರೂಪಾಯಿಯಗಲದ ಕೆಂಪು ಕಲೆ ಎದ್ದಿತು. ಮೇಲೆ ಬಿಳಿ ಹೊಟ್ಟು. ಉಗುರಿನಿಂದ ಕೆರೆದರೆ ಹೊಟ್ಟು ಉದುರುತ್ತಿತ್ತು, ಕೆಳಗೆ ಸಣ್ಣ ಸಣ್ಣ ರಕ್ತದ ಚುಕ್ಕಿ ಕಾಣುತ್ತಿದ್ದವು. ಅವ್ವ ನೋಡಿ ಇಸಬು ಅಂದಳು. ಓಣಿಯವರು ಗಜಕರ್ಣ ಅಂದರು. ಔಷಧದ ಅಂಗಡಿಯವರು ಒಂದು ಟ್ಯೂಬು ಕೊಟ್ಟರು. ಹಚ್ಚಿದರೆ ವಾರದಲ್ಲಿ ಹೋಗುತ್ತಿತ್ತು. ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಬರುತ್ತಿತ್ತು. ಎರಡು ವರ್ಷದಲ್ಲಿ ಇನ್ನೊಂದು ಮೊಣಕೈ, ಮೊಣಕಾಲು, ತಲೆ ಎಲ್ಲ ಕಡೆ ಬಂತು. 2014ರಲ್ಲಿ ಅಂಗೈಗೆ ಇಳಿಯಿತು.

ಬೇರೆ ಕಡೆ ಬಂದದ್ದನ್ನು ಅಂಗಿಯೊಳಗೆ ಮುಚ್ಚಿಕೊಳ್ಳಬಹುದಿತ್ತು. ಕಂಡಕ್ಟರನಿಗೆ ಅಂಗೈ ಮುಚ್ಚಿಕೊಳ್ಳಲು ಬರುವುದಿಲ್ಲ. ಎಡಗೈಯಲ್ಲಿ ಟಿಕೆಟ್ ಮಷಿನ್, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಿಚಿದ ನೋಟು, ಹೆಗಲಲ್ಲಿ ಚಿಲ್ಲರೆ ಚೀಲ. ಬಲಗೈ ಹೆಬ್ಬೆರಳಿನಿಂದ ಮಷಿನಿನ ಗುಂಡಿ ಒತ್ತಬೇಕು. ಆ ಹೆಬ್ಬೆರಳಿನ ತುದಿಯಲ್ಲಿ ಅಡ್ಡಕ್ಕೆ ಸೀಳು ಬಿಟ್ಟಿತ್ತು. ಪ್ರತಿ ಸಲ ಒತ್ತಿದಾಗಲೂ ಸೀಳು ಬಾಯಿ ತೆರೆಯುತ್ತಿತ್ತು. ಟಿಕೆಟ್ ಹರಿಯುವಾಗ ಕಾಗದದ ಅಂಚಿಗೆ ರಕ್ತ ಹತ್ತುತ್ತಿತ್ತು. ಅಂಥ ಟಿಕೆಟನ್ನು ಕಿಸೆಗೆ ಹಾಕಿಕೊಂಡು ಇನ್ನೊಂದು ತೆಗೆದರೆ ಲೆಕ್ಕದಲ್ಲಿ ಕೈಯಿಂದ ದುಡ್ಡು ಹೋಗುತ್ತದೆ. ಅದಕ್ಕೇ ಅಂಚನ್ನು ಪ್ಯಾಂಟಿಗೆ ಒರೆಸಿ ಕೊಡುತ್ತಿದ್ದೆ. ಚೀಲದೊಳಗೆ ಕೈ ಹಾಕಿದಾಗ ನಾಣ್ಯದ ಅಂಚು ಸೀಳಿಗೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಜನ ನೋಡುತ್ತಿದ್ದರು. ಕೆಲವರು ದುಡ್ಡನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲೆ ಇಡುತ್ತಿದ್ದರು. ಚಿಲ್ಲರೆ ಕೊಡಲು ಹೋದರೆ ಇರಲಿ ಬಿಡ್ರಿ ಅನ್ನುತ್ತಿದ್ದರು. ಬಿಡುವುದು ಧಾರಾಳತನದಿಂದಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತಿತ್ತು. ಒಬ್ಬರು, 'ಇಂಥಾ ರೋಗ ಇಟಗೊಂಡು ಡ್ಯೂಟಿಗ್ಯಾಕ ಬರ್ತೀರಿ' ಎಂದು ಬಸ್ಸಿನಲ್ಲೇ ಕೇಳಿದರು. ಇದು ಅಂಟುವುದಿಲ್ಲ ಎಂದು ಹೇಳಿದೆ. ಅವರು ಕಿಟಕಿ ಕಡೆ ತಿರುಗಿದರು.

ಅದೇ ಬಸ್ಸಿನಲ್ಲಿ ಇನ್ನೊಂದು ದಿನ ಶಿರಹಟ್ಟಿಗೆ ಹೋಗುವ ಮುದುಕಿಯೊಬ್ಬರು ಟಿಕೆಟಿನ ಜತೆಗೆ ನನ್ನ ಬೆರಳನ್ನೂ ಹಿಡಿದರು. 'ಯಪ್ಪಾ, ಕೈಗೆ ಏನಾಗೇತೋ? ಉರೀತೈತೇನೋ?' ಅಂದರು. ಉರೀತೈತಿ ಅಂದೆ. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಅವರ ಊರು, ಹೆಸರು ನನಗೆ ಗೊತ್ತಿಲ್ಲ.

ಅವ್ವನಿಗೆ ಕಪ್ಪತಗುಡ್ಡದ ಮೇಲೆ ನಂಬಿಕೆ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕಿಗೆ ಹಬ್ಬಿದ ಗುಡ್ಡ ಅದು. ಅಲ್ಲಿ ಸಿಗದ ಔಷಧಿ ಗಿಡ ಇಲ್ಲ ಎಂದು ನಮ್ಮ ಕಡೆಯವರು ಹೇಳುತ್ತಾರೆ. ಗುಡ್ಡದ ಬುಡದ ಹಳ್ಳಿಯೊಂದರಲ್ಲಿ ನಾಟಿ ಔಷಧ ಕೊಡುವ ಅಜ್ಜನ ಬಳಿ ಕರೆದುಕೊಂಡು ಹೋದಳು. ಅವರು ನನ್ನ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದರು. 'ತಂಗೀ, ಇದು ಮ್ಯಾಲಿನ ರೋಗಲ್ಲ, ಒಳಗಿಂದು. ನಾ ಕೊಡೂ ಎಲಿಗೆ ಇದು ಹೋಗೂದಿಲ್ಲ' ಅಂದರು. ದುಡ್ಡು ತೆಗೆದುಕೊಳ್ಳಲಿಲ್ಲ. ಮೈ ಒಣಗದಂತೆ ಕೊಬ್ಬರಿ ಎಣ್ಣೆ ಹಚ್ಚಿಕೊ ಎಂದಷ್ಟೇ ಹೇಳಿದರು. ಆವರೆಗೆ ನನ್ನನ್ನು ನೋಡಿದವರಲ್ಲಿ ಅಷ್ಟು ನೇರವಾಗಿ ಮಾತಾಡಿದವರು ಅವರೊಬ್ಬರೇ.

ಆಮೇಲೆ ಚರ್ಮದ ಡಾಕ್ಟರರಲ್ಲಿಗೆ ಹೋದೆ. ಅವರು ನೋಡಿದ ಕೂಡಲೇ ಸೋರಿಯಾಸಿಸ್ ಅಂದರು. ಸಾಮಾನ್ಯವಾಗಿ ಚರ್ಮದ ಮೇಲ್ಪದರ ಹೊಸದಾಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಈ ಕಾಯಿಲೆಯಲ್ಲಿ ಮೂರರಿಂದ ಐದು ದಿನಕ್ಕೇ ಆಗುತ್ತದೆ, ಅದಕ್ಕೇ ಹೊಟ್ಟು ಎಂದು ವಿವರಿಸಿದರು. ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟರು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ ಎಂದು ಹೇಳಿ, ಪಟ್ಟಿಯ ಮೇಲೆ ಪೆನ್ನಿನಿಂದ ದೊಡ್ಡದಾಗಿ ಸೋಮವಾರ ಎಂದು ಬರೆದರು. ಕಾಲಕಾಲಕ್ಕೆ ಲಿವರಿನ ರಕ್ತ ಪರೀಕ್ಷೆ. ಮೂರು ತಿಂಗಳಲ್ಲಿ ಅಂಗೈ ಸೀಳು ಕೂಡಿದವು. ಎರಡು–ಮೂರು ವರ್ಷ ನಾನು ಹೆಚ್ಚುಕಡಿಮೆ ಸುಖವಾಗಿದ್ದೆ.

ಹೊಟ್ಟೆ ಶುರುವಾದದ್ದು 2018ರ ಬೇಸಿಗೆಯಲ್ಲಿ.

ಮೊದಲು ಊಟವಾದ ಮೇಲೆ ಬಲಗಡೆ ಕಿಬ್ಬೊಟ್ಟೆಯಲ್ಲಿ ಹಿಂಡಿದಂತೆ ನೋವು. ಆಮೇಲೆ ಭೇದಿ. ನಡುರಾತ್ರಿ ಎಬ್ಬಿಸಿಕೊಂಡು ಹೋಗುವ ಭೇದಿ. ಎಲ್ಲರೂ ಖಾರ ಕಡಿಮೆ ಮಾಡು ಅಂದರು. ಗದಗಿನವರಿಗೆ ಮಿರ್ಚಿ ಬಜಿ ಬಿಡು ಎಂದು ಹೇಳುವುದು ಸುಲಭ, ಬಿಡುವುದು ಕಷ್ಟ. ಆದರೂ ಬಿಟ್ಟೆ. ರೊಟ್ಟಿ ಬಿಟ್ಟು ಅನ್ನ, ಮಜ್ಜಿಗೆಗೆ ಬಂದೆ. ಭೇದಿ ನಿಲ್ಲಲಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು. ಬೆಲ್ಟಿಗೆ ಹೊಸ ತೂತು ಹಾಕಿಸಿದೆ, ಸ್ವಲ್ಪ ದಿನಕ್ಕೆ ಅದರಾಚೆಗೆ ಇನ್ನೊಂದು.

ಬಸ್ಸಿನಲ್ಲಿ ಸಂಡಾಸ ಇಲ್ಲ. ಈ ಒಂದು ಮಾತಿನಲ್ಲಿ ನನ್ನ ಆ ವರ್ಷ ಪೂರ್ತಿ ಇದೆ. ಡ್ಯೂಟಿ ಇದ್ದ ದಿನ ಬೆಳಗಿನಿಂದ ಏನೂ ತಿನ್ನುತ್ತಿರಲಿಲ್ಲ. ನೀರೂ ಕುಡಿಯುತ್ತಿರಲಿಲ್ಲ. ಆದರೂ ಬರುತ್ತಿತ್ತು. ಬಂದರೆ ಎರಡು ನಿಮಿಷ ತಡೆಯಲು ಆಗುತ್ತಿರಲಿಲ್ಲ. ತುಂಬಿದ ಬಸ್ಸಿನ ನಡುವೆ, ಹೆಣ್ಣುಮಕ್ಕಳ ಎದುರಿಗೆ, ಕಂಬಿ ಹಿಡಿದು ಹಲ್ಲು ಕಚ್ಚಿ ನಿಲ್ಲುತ್ತಿದ್ದೆ. ಮೈಯೆಲ್ಲ ಬೆವರುತ್ತಿತ್ತು. ಚೀಲದಲ್ಲಿ ಇನ್ನೊಂದು ಪ್ಯಾಂಟು ಇಟ್ಟುಕೊಂಡಿರುತ್ತಿದ್ದೆ. ಅದು ಬೇಕಾದ ದಿನಗಳೂ ಇದ್ದವು.

ನನ್ನ ಡ್ರೈವರ್ ಲಕ್ಷ್ಮೇಶ್ವರದ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಎಲ್ಲರೂ ಚಾಚಾ ಎನ್ನುತ್ತಿದ್ದೆವು. ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು. ಒಂದು ಸಲ ಮಾಗಡಿ ಕೆರೆ ಹತ್ತಿರ ನನ್ನ ಮುಖವನ್ನು ಕನ್ನಡಿಯಲ್ಲಿ ನೋಡಿದರು. ಬಸ್ಸು ಬದಿಗೆ ಹಾಕಿದರು. ಚಳಿಗಾಲ ಹತ್ತಿರವಾಗಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿದ್ದವು. 'ಹಕ್ಕಿ ಬಂದಾವ ನೋಡ್ರಿ, ಫೋಟೋ ತಕ್ಕೋಳಾವ್ರು ತಕ್ಕೋರಿ, ಇಂಜಿನ್ ಬಿಸಿ ಆಗೇತಿ, ಐದ್ ಮಿನಿಟ್ ನಿಲ್ಲತೈತಿ' ಎಂದು ಜನರಿಗೆ ಕೂಗಿ ಹೇಳಿದರು. ಜನ ಕೆರೆ ಕಡೆ ನೋಡುತ್ತಿದ್ದಾಗ ನಾನು ರಸ್ತೆಯ ಇನ್ನೊಂದು ಬದಿಯ ಜಾಲಿಗಿಡಗಳ ಹಿಂದೆ ಹೋದೆ. ತಿರುಗಿ ಬಂದಾಗ ಸೀಟಿನ ಕೆಳಗಿನಿಂದ ನೀರಿನ ಬಾಟಲಿ ತೆಗೆದು ಕೈಗೆ ಹಾಕಿದರು. 'ತಮ್ಮಾ, ಇದು ಹೊಟ್ಟಿ ಕೆಟ್ಟಿದ್ದಲ್ಲ. ಹುಬ್ಬಳ್ಳಿಗೆ ಹೋಗು' ಅಂದರು.

ಅದಕ್ಕೂ ಮೊದಲು ನೋಡಿದವರು ಆಮಶಂಕೆ ಎಂದು ಮಾತ್ರೆ ಕೊಟ್ಟಿದ್ದರು, ಆಮೇಲೆ ರಕ್ತ ಕಂಡಾಗ ಮೂಲವ್ಯಾಧಿ ಅಂದಿದ್ದರು. ಆ ಅವಧಿಯಲ್ಲೂ ಚರ್ಮಕ್ಕೆ ತೋರಿಸಲು ಹೋಗುತ್ತಲೇ ಇದ್ದೆ. ಅಲ್ಲಿ ಅಂಗೈ ನೋಡುತ್ತಿದ್ದರು, ಮೊಣಕಾಲು ನೋಡುತ್ತಿದ್ದರು. ಹೊಟ್ಟೆಯ ವಿಚಾರ ಅಲ್ಲಿ ಏಳಲಿಲ್ಲ. ಹೊಟ್ಟೆಗೆ ತೋರಿಸಿದ ಕಡೆ ತೋಳಿನ ಅಂಗಿ ಮೇಲೆ ಸರಿಸಿ ಎಂದು ಯಾರೂ ಹೇಳಲಿಲ್ಲ. ಎರಡು ಚೀಟಿ, ಎರಡು ಫೈಲು.

ಹುಬ್ಬಳ್ಳಿಯಲ್ಲಿ ಕೊಲೊನೊಸ್ಕೋಪಿ ಮಾಡಬೇಕು ಅಂದರು. ಹಿಂದಿನ ರಾತ್ರಿ ಲಾಡ್ಜಿನಲ್ಲಿ ಎರಡು ಲೀಟರ್ ನೀರಿಗೆ ಪುಡಿ ಕಲಸಿ ಕುಡಿಯಬೇಕಿತ್ತು. ಉಪ್ಪುಪ್ಪು, ಸ್ವಲ್ಪ ನಿಂಬೆಯ ವಾಸನೆ. ಹೆಂಡತಿ ಗಡಿಯಾರ ನೋಡಿಕೊಂಡು ಲೋಟ ತುಂಬಿಸಿ ಕೊಡುತ್ತಿದ್ದಳು. ಮೂರನೇ ಲೋಟಕ್ಕೆ ವಾಂತಿಯಾಯಿತು. ಮತ್ತೆ ಕುಡಿದೆ. ಬೆಳಗಿನವರೆಗೆ ಸಂಡಾಸದ ಬಾಗಿಲ ಹೊರಗೆ ಗೋಡೆಗೆ ಒರಗಿ ಕುಳಿತಿದ್ದೆ, ಒಳಗೆ ಹೊರಗೆ ಮಾಡಲು ಶಕ್ತಿ ಇರಲಿಲ್ಲ. ಅವಳೂ ಅಲ್ಲೇ ನೆಲದ ಮೇಲೆ ಕುಳಿತಿದ್ದಳು. ಕ್ಯಾನ್ಸರ್ ಇರಬಹುದು ಎಂಬ ಮಾತು ಇಬ್ಬರ ಮನಸ್ಸಿನಲ್ಲೂ ಇತ್ತು. ಬಾಯಿ ಬಿಟ್ಟು ಯಾರೂ ಆಡಲಿಲ್ಲ.

ಕ್ಯಾನ್ಸರ್ ಇರಲಿಲ್ಲ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಕಡೆ ಆಳವಾದ ಹುಣ್ಣುಗಳಿದ್ದವು. ತುಣುಕು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬಂದಾಗ ಡಾಕ್ಟರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು. ಇದು ಕರುಳಿನ ಟಿಬಿ ಆಗಿರಬಹುದು, ಇಲ್ಲವೇ ಕ್ರೋನ್ಸ್ ಆಗಿರಬಹುದು ಅಂದರು. ಎರಡೂ ಅದೇ ಜಾಗಕ್ಕೆ ಬರುತ್ತವೆ, ಎರಡರಲ್ಲೂ ಹುಣ್ಣು, ಜ್ವರ, ಭೇದಿ, ತೂಕ ಇಳಿಯುವುದು ಇರುತ್ತದೆ. ಸೂಕ್ಷ್ಮದರ್ಶಕದಲ್ಲೂ ಎಷ್ಟೋ ಸಲ ಒಂದೇ ತರಹ ಕಾಣುತ್ತವೆ. ಟಿಬಿ ರೋಗಾಣು ಸಿಕ್ಕರೆ ಸಂಶಯ ಮುಗಿಯುತ್ತದೆ, ಆದರೆ ಕರುಳಿನ ತುಣುಕಿನಲ್ಲಿ ಅದು ಸಿಗುವುದೇ ಕಡಿಮೆ. ನನ್ನದರಲ್ಲಿ ಸಿಗಲಿಲ್ಲ. ಕ್ರೋನ್ಸ್ ಎಂದು ತಿಳಿದು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಕೊಟ್ಟು, ಅದು ಟಿಬಿಯೇ ಆಗಿದ್ದರೆ ಮೈಯೆಲ್ಲ ಹಬ್ಬುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಮೊದಲು ಟಿಬಿ ಔಷಧ ಕೊಟ್ಟು ನೋಡುತ್ತಾರೆ. ಹುಣ್ಣು ಮಾಯ್ದರೆ ಟಿಬಿ, ಮಾಯದಿದ್ದರೆ ಕ್ರೋನ್ಸ್. ಅಮೆರಿಕದಲ್ಲಿ ಬರಿಲ್ ಕ್ರೋನ್ ಮತ್ತವರ ಜತೆಗಾರರು ಈ ಕಾಯಿಲೆಯ ಬಗ್ಗೆ ಬರೆದದ್ದು 1932ರಲ್ಲಿ. ಅವರೂ ಇದು ಟಿಬಿ ಅಲ್ಲ ಎಂದು ಬೇರ್ಪಡಿಸಬೇಕಾಗಿತ್ತು ಎಂದು ಆಮೇಲೆ ತಿಳಿಯಿತು.

ಟಿಬಿ ಮಾತ್ರೆ ಗದಗಿನಲ್ಲೇ ಸರಕಾರದಿಂದ ಪುಕ್ಕಟೆ ಸಿಕ್ಕಿತು. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಬಂತು. ಮಾತ್ರೆ ಕೊಡುವ ತಂಗಿ ತಪ್ಪದೆ ಫೋನ್ ಮಾಡಿ ವಿಚಾರಿಸುತ್ತಿದ್ದಳು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು, ಹೆದರಬ್ಯಾಡ್ರಿ ಅದು ಔಷಧದ ಬಣ್ಣ ಎಂದು ಮೊದಲೇ ಹೇಳಿದ್ದಳು. ಆದರೆ ಟಿಬಿ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಕರುಳಿನ ಟಿಬಿ ಕೆಮ್ಮಿನಿಂದ ಹರಡುವುದಿಲ್ಲ ಎಂದು ಎಷ್ಟು ಮನೆಗೆ ಹೋಗಿ ಹೇಳುವುದು? ಮಗ್ಗದ ಮನೆಯವರು ನಮ್ಮ ಮಗಳನ್ನು ಆಟಕ್ಕೆ ಕರೆಯುವುದನ್ನು ಬಿಟ್ಟರು. ಮೊದಲು ಚರ್ಮ ನೋಡಿ ದೂರ ನಿಂತಿದ್ದರು, ಈಗ ಉಸಿರಿಗೆ ಹೆದರಿದರು.

ಟಿಬಿ ಔಷಧವೂ ಮೆಥೊಟ್ರೆಕ್ಸೇಟೂ ಎರಡೂ ಲಿವರಿಗೆ ಭಾರ. ಹಾಗಾಗಿ ಸೋಮವಾರದ ಮಾತ್ರೆ ನಿಲ್ಲಿಸಿದರು. ತಿಂಗಳೊಳಗೆ ಅಂಗೈ ಮತ್ತೆ ಸೀಳಿತು. ಈ ಸಲ ಪಾದಗಳೂ ಸೀಳಿದವು. ರಾತ್ರಿ ಭೇದಿಗೆ ಎದ್ದಾಗ ಒಡೆದ ಪಾದ ಊರಿಕೊಂಡು ಹಿತ್ತಲಿಗೆ ನಡೆಯಬೇಕಾಗುತ್ತಿತ್ತು. ಆ ನಡಿಗೆಯನ್ನು ನಾನು ಮರೆತಿಲ್ಲ. ಬದುಕುವುದು ಬೇಡ ಅನ್ನಿಸಿದ್ದು ಆಗಲೇ. ಅದನ್ನು ಅವ್ವನಿಗೆ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಮರುದಿನದಿಂದ ಹಿತ್ತಲಿನ ದಾರಿಯುದ್ದಕ್ಕೂ ಹಳೆಯ ಕೌದಿ ಹಾಸಿದಳು.

ಎರಡು ತಿಂಗಳ ಮೇಲೆ ಮತ್ತೆ ಕೊಲೊನೊಸ್ಕೋಪಿ. ಹುಣ್ಣುಗಳು ಹಾಗೇ ಇದ್ದವು, ಒಂದೆರಡು ಹೊಸವೂ ಬಂದಿದ್ದವು. 2019ರ ಆರಂಭದಲ್ಲಿ ಕ್ರೋನ್ಸ್ ಎಂದು ನಿಶ್ಚಯವಾಯಿತು. ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಎಂದು ಅಂದು ನನಗೆ ಸಮಾಧಾನವೇ ಆಯಿತು.

ಸ್ಟಿರಾಯ್ಡ್ ಮಾತ್ರೆ ಕೊಟ್ಟರು. ವಾರದೊಳಗೆ ಭೇದಿ ನಿಂತಿತು. ಅಂಗೈಯೂ ಮೃದುವಾಯಿತು. ಬಹಳ ತಿಂಗಳ ಮೇಲೆ ಎರಡು ರೊಟ್ಟಿ ಉಂಡೆ. ಆದರೆ ಆ ಮಾತ್ರೆಯನ್ನು ದೀರ್ಘಕಾಲ ತೆಗೆದುಕೊಳ್ಳುವಂತಿಲ್ಲ. ಮೆಲ್ಲಗೆ ಕಡಿಮೆ ಮಾಡುತ್ತ ಬಂದರು. ಕಡಿಮೆಯಾಗುತ್ತಿದ್ದಂತೆ ಚರ್ಮ ತಿರುಗಿ ಬಿದ್ದಿತು. ಅಂಗೈ, ಅಂಗಾಲುಗಳಲ್ಲಿ ಸಣ್ಣ ಕೀವಿನ ಗುಳ್ಳೆಗಳೆದ್ದವು. ಮೈ ಬಿಸಿಯಾಯಿತು, ನಡುಕ ಬಂತು. ಹೊಟ್ಟೆ ಒಂದು ಮಟ್ಟಿಗೆ ನಿಂತಿದೆ, ಚರ್ಮ ಸುಡುತ್ತಿದೆ. ಆ ಸ್ಥಿತಿಯಲ್ಲಿ ಬೇರೊಂದು ಚರ್ಮದ ವಿಭಾಗಕ್ಕೆ ಹೋದೆ.

ಅಲ್ಲಿದ್ದವರು ವಯಸ್ಸಿನಲ್ಲಿ ನನಗಿಂತ ಚಿಕ್ಕ ಡಾಕ್ಟರಮ್ಮ, ಧಾರವಾಡದ ಕಡೆಯ ಮಾತು. ಚರ್ಮ ನೋಡಿದರು. ಸೋರಿಯಾಸಿಸ್ಸಿಗೆ ಒಳ್ಳೆ ಸೂಜಿಗಳು ಬಂದಿವೆ ಎಂದು ಪೆನ್ನು ತೆಗೆದರು. ಬರೆಯುವ ಮೊದಲು ತಲೆಯೆತ್ತಿ, 'ಹೊಟ್ಟಿ ಹೆಂಗೈತ್ರಿ? ಭೇದಿ, ರಕ್ತ, ತೂಕ ಇಳಿಯೂದು, ಹಂಗೇನಾದ್ರೂ?' ಎಂದು ಕೇಳಿದರು.

ಚರ್ಮದ ಕೋಣೆಯಲ್ಲಿ ಹೊಟ್ಟೆಯ ಬಗ್ಗೆ ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ಚೀಲದಿಂದ ಇನ್ನೊಂದು ಫೈಲು ತೆಗೆದು ಮೇಜಿನ ಮೇಲಿಟ್ಟೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಓದಿದರು. ಅವರು ಬರೆಯಲಿದ್ದದ್ದು ಸೆಕುಕಿನುಮ್ಯಾಬ್ ಎಂಬ ಸೂಜಿ. 2015ರಿಂದ ಸೋರಿಯಾಸಿಸ್ಸಿಗೆ ಬಳಕೆಯಲ್ಲಿದೆ, ಚರ್ಮವನ್ನು ಬಹಳ ಚೆನ್ನಾಗಿ ತಿಳಿ ಮಾಡುತ್ತದೆ. ಅದೇ ಔಷಧವನ್ನು ಕ್ರೋನ್ಸ್ ರೋಗಿಗಳಿಗೂ ಕೊಟ್ಟು ನೋಡಿದ್ದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಗುಣವಾಗಲಿಲ್ಲ; ಕೆಲವರಿಗೆ ಕಾಯಿಲೆ ಹೆಚ್ಚಾಯಿತು. 'ನಿಮಗ ಇದನ್ನ ಕೊಟ್ಟಿದ್ರ ಕೈ ಛಲೋ ಆಗತಿತ್ತು, ಕರುಳು ಕೆಡತಿತ್ತು' ಅಂದರು.

ಹೊರಗೆ ಜನ ಕಾಯುತ್ತಿದ್ದರು. ಆದರೂ ಅವರು ನನಗೆ ಅರ್ಥವಾಗುವ ಹಾಗೆ ಹೇಳಿದರು. 'ನಿಮ್ಮ ಸೀಟಿ ಇದ್ದಂಗ ತಿಳೀರಿ. ಮೈಯಾಗ ರೋಗಾಣು ಹೊಕ್ಕರ ಕಾವಲಿನ ಜೀವಕೋಶ ಸೀಟಿ ಹೊಡಿತೈತಿ. ಉಳದವು ಓಡಿ ಬಂದು ಜಗಳಾಡತಾವ. ಕೆಲಸ ಮುಗದಮ್ಯಾಲೆ ಸೀಟಿ ನಿಲ್ಲಬೇಕು. ನಿಮ್ಮ ಮೈಯಾಗ ನಿಲ್ಲವಲ್ದು. ಚರ್ಮದಾಗೂ ಅದೇ ಸೀಟಿ, ಕರುಳಿನ್ಯಾಗೂ ಅದೇ ಸೀಟಿ.'

ಆ ಸಂಕೇತಗಳಿಗೆ ಹೆಸರಿವೆ. ಒಂದು ಟಿಎನ್‌ಎಫ್. ಇನ್ನೊಂದು ಇಂಟರ್‌ಲ್ಯೂಕಿನ್-23. ಈ ಎರಡನೆಯದು ಒಂದು ಜಾತಿಯ ಬಿಳಿ ರಕ್ತಕಣಗಳನ್ನು ಎಚ್ಚರವಾಗಿಯೇ ಇಡುತ್ತದೆ. ಅವು ಇಂಟರ್‌ಲ್ಯೂಕಿನ್-17 ಎಂಬ ಇನ್ನೊಂದು ರಾಸಾಯನಿಕ ಬಿಡುತ್ತವೆ. ಚರ್ಮದಲ್ಲಿ ಅದೇ ಹಾವಳಿ ಮಾಡುವುದು. ಅದನ್ನು ತಡೆದರೆ ಚರ್ಮ ತಿಳಿಯಾಗುತ್ತದೆ. ಕರುಳಿನಲ್ಲಿ ಅದೇ ರಾಸಾಯನಿಕ ಒಳಗೋಡೆಯನ್ನು ಕಾಯುವ ಕೆಲಸವನ್ನೂ ಮಾಡುತ್ತದೆ; ತಡೆದರೆ ಗೋಡೆ ಬಲಹೀನವಾಗುತ್ತದೆ. ಹೀಗೆ ಮೂಲ ಒಂದೇ ಆದರೂ ಎಲ್ಲಿ ತಡೆಯಬೇಕು ಎಂಬುದು ಬೇರೆ. ಇಂಟರ್‌ಲ್ಯೂಕಿನ್-23ರ ಸಂಕೇತ ಹಿಡಿಯುವ ಅಂಶದ ವಂಶವಾಹಿಯಲ್ಲಿನ ವ್ಯತ್ಯಾಸಕ್ಕೂ ಕ್ರೋನ್ಸಿಗೂ ನಂಟಿರುವುದು 2006ರಲ್ಲಿ ಗೊತ್ತಾಯಿತು, ಸೋರಿಯಾಸಿಸ್ಸಿಗೂ ಇರುವುದು 2007ರಲ್ಲಿ. ಸೋರಿಯಾಸಿಸ್ ಇದ್ದವರಿಗೆ ಕ್ರೋನ್ಸ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಎಲ್ಲರಿಗೂ ಬರುವುದಿಲ್ಲ. ಬಹಳ ಜನಕ್ಕೆ ಬರುವುದೇ ಇಲ್ಲ. ಆದರೆ ಕೇಳಬೇಕು. ಖಾರ ತಿಂದದ್ದರಿಂದ ಬಂತೇನ್ರಿ ಎಂದು ಕೇಳಿದೆ. ಅಲ್ಲ ಅಂದರು. ಅಷ್ಟು ವರ್ಷ ನನ್ನ ನಾಲಗೆಯನ್ನೇ ಬೈದುಕೊಂಡಿದ್ದ ನನಗೆ ಆ ಒಂದು ಮಾತು ದೊಡ್ಡದಾಗಿತ್ತು.

ನನ್ನೆದುರಿಗೇ ಅವರು ಹೊಟ್ಟೆಯ ಡಾಕ್ಟರಿಗೆ ಫೋನ್ ಮಾಡಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಿದರು. ಟಿಎನ್‌ಎಫ್ ತಡೆಯುವ ಅಡಾಲಿಮುಮ್ಯಾಬ್ ಕೊಡುವುದೆಂದು ತೀರ್ಮಾನವಾಯಿತು. ಅದು ಎರಡಕ್ಕೂ ಆಗುತ್ತದೆ. ವಿದೇಶದ ಮೂಲ ಔಷಧದ ಬೆಲೆ ನನ್ನಂಥವನು ಕೇಳುವಂಥದ್ದೂ ಅಲ್ಲ. 2014ರ ಡಿಸೆಂಬರಿನಲ್ಲಿ ಅಹಮದಾಬಾದಿನ ಝೈಡಸ್ ಕ್ಯಾಡಿಲಾ ಇದಕ್ಕೆ ಸಮಾನವಾದ ಔಷಧವನ್ನು ಜಗತ್ತಿನಲ್ಲೇ ಮೊದಲು ಮಾರುಕಟ್ಟೆಗೆ ತಂದಿತು. ಆಮೇಲೆ ಬೇರೆ ಕಂಪನಿಗಳೂ ಮಾಡಿದವು, ಬೆಲೆ ಇಳಿಯಿತು. ಇಳಿದರೂ ನಮಗೆ ಹೆಚ್ಚೇ. ಮುಂಡರಗಿ ಕಡೆ ನಮ್ಮ ಪಾಲಿನ ಎರೆಹೊಲವಿತ್ತು, ಹೆಸರು, ಉಳ್ಳಾಗಡ್ಡಿ ಬೆಳೆಯುತ್ತಿದ್ದೆವು. ಅದನ್ನು ಲಾವಣಿಗೆ ಹಾಕಿದೆವು.

ಸೂಜಿಗೆ ಮೊದಲು ಮತ್ತೆ ಟಿಬಿ ಪರೀಕ್ಷೆ, ಎದೆಯ ಎಕ್ಸ್‌ರೇ. ಮೈಯಲ್ಲಿ ಮಲಗಿರುವ ಟಿಬಿಯನ್ನು ಈ ಔಷಧ ಎಬ್ಬಿಸಬಹುದು. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು: ಕೆಲವರಿಗೆ ಇದೇ ಸೂಜಿಯಿಂದ ಸೋರಿಯಾಸಿಸ್ ಹೊಸದಾಗಿ ಹುಟ್ಟುವುದೂ ಉಂಟು. ಸಹಿ ಮಾಡಿದೆ. ಮೊದಲ ದಿನ ನಾಲ್ಕು ಸೂಜಿ, ಎರಡು ವಾರಕ್ಕೆ ಎರಡು, ಆಮೇಲೆ ಎರಡು ವಾರಕ್ಕೊಮ್ಮೆ ಒಂದು. ಹುಬ್ಬಳ್ಳಿಯಿಂದ ಗದಗಿಗೆ ಐಸ್ ಹಾಕಿದ ಥರ್ಮಾಕೋಲ್ ಡಬ್ಬಿಯಲ್ಲಿ ತರುತ್ತಿದ್ದೆ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಮಗಳನ್ನು ಆಟಕ್ಕೆ ಕರೆಯುವುದನ್ನು ಬಿಟ್ಟಿದ್ದರಲ್ಲ, ಅದೇ ಮಗ್ಗದ ಮನೆಯ ಅಕ್ಕ ತಾವಾಗಿ ಬಂದು, 'ನಮ್ಮ ಫ್ರಿಜ್‌ನಾಗ ಇಡ್ರಿ' ಅಂದರು. ಹಾಲಿನ ಪಾಕೀಟಿನ ಪಕ್ಕದಲ್ಲಿ ನನ್ನ ಸೂಜಿ ಇರುತ್ತಿತ್ತು.

ಎರಡು ತಿಂಗಳಲ್ಲಿ ಅಂಗೈ ಕೂಡಿತು. ಭೇದಿ ನಿಂತಿತು. ತೂಕ ಬಂತು. ಬಸ್ಸಿನಲ್ಲಿ ನೀರು ಕುಡಿದೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲ ನಿಂತಿತು. ಬಸ್ಸೂ ನಿಂತವು. ಹುಬ್ಬಳ್ಳಿಯಿಂದ ಸೂಜಿ ತರಲು ಆಗಲಿಲ್ಲ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವನಾದ್ದರಿಂದ ಹೊರಗೆ ಹೋಗಲೂ ಹೆದರಿಕೆ. ಸೂಜಿಗಳ ನಡುವಿನ ಅಂತರ ಹೆಚ್ಚಿತು. ಈ ಔಷಧವನ್ನು ಬಿಟ್ಟು ಬಿಟ್ಟು ತೆಗೆದುಕೊಂಡರೆ ದೇಹ ಅದರ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಳ್ಳಬಹುದು. ನನಗೆ ಆದದ್ದು ಅದೇ ಇರಬೇಕು ಎಂದು ಡಾಕ್ಟರರು ಹೇಳಿದರು. ಬಸ್ಸು ಮತ್ತೆ ಓಡಲು ಶುರುವಾದ ಮೇಲೆ ಸೂಜಿ ಸಿಕ್ಕಿತು, ಆದರೆ ಮೊದಲಿನಂತೆ ಕೆಲಸ ಮಾಡಲಿಲ್ಲ. ಹುಣ್ಣು ಮಾಯುತ್ತ, ಮತ್ತೆ ಏಳುತ್ತ ಕರುಳಿನ ಆ ಭಾಗ ಕಲೆಗಟ್ಟಿ ಸಣ್ಣದಾಯಿತು. ಡಿಸೆಂಬರಿನಲ್ಲಿ ಉಂಡದ್ದೆಲ್ಲ ವಾಂತಿಯಾಗತೊಡಗಿತು. ಹೊಟ್ಟೆ ಉಬ್ಬಿ ಕಲ್ಲಾಯಿತು. ಗಾಳಿಯೂ ಹೊರಗೆ ಹೋಗಲಿಲ್ಲ.

2021ರ ಜನವರಿಯಲ್ಲಿ ಆಪರೇಷನ್ ಆಯಿತು. ಸಣ್ಣ ಕರುಳಿನ ಕೊನೆಯ ಭಾಗ ಗೇಣಿನಷ್ಟು, ಅದಕ್ಕೆ ಕೂಡಿದ ದೊಡ್ಡ ಕರುಳಿನ ತುದಿಯ ಜತೆಗೆ ತೆಗೆದರು. ಎಚ್ಚರವಾದಾಗ ಮೊದಲು ಹೊಟ್ಟೆ ಮೇಲೆ ಕೈಯಾಡಿಸಿ ನೋಡಿಕೊಂಡೆ. ಹೊಟ್ಟೆಗೆ ಚೀಲ ಕೂಡಿಸಬೇಕಾಗಬಹುದು ಎಂದು ಮೊದಲೇ ಹೇಳಿದ್ದರು. ಚೀಲ ಇರಲಿಲ್ಲ. ಕಣ್ಣು ಮುಚ್ಚಿದೆ. ನೋವಿತ್ತು, ತಡೆಯಲಾರದ ನೋವಲ್ಲ. ಪಕ್ಕದ ಹಾಸಿಗೆಯವರ ಮಗ ನನಗೂ ಬಿಸಿನೀರು ತಂದು ಕೊಡುತ್ತಿದ್ದ. ಆ ದಿನಗಳಲ್ಲಿ ವಾರ್ಡಿನೊಳಗೆ ಒಬ್ಬರನ್ನೇ ಬಿಡುತ್ತಿದ್ದರು, ಹೆಂಡತಿ ಮನೆಗೆ ಹೋದಾಗ ಅವನೇ ನನಗೆ ಆಸರೆ.

ತೆಗೆದ ಆ ಭಾಗದಲ್ಲೇ ಬಿ12 ಜೀವಸತ್ವ ಹೀರಿಕೊಳ್ಳುವುದು. ಹಾಗಾಗಿ ಬಿ12 ಸೂಜಿ ನನಗೆ ಜೀವನಪೂರ್ತಿ. ಆಪರೇಷನ್ನಿನಿಂದ ಕ್ರೋನ್ಸ್ ಹೋಗುವುದಿಲ್ಲ. ಕೂಡಿಸಿದ ಜಾಗದಲ್ಲೇ ಮತ್ತೆ ಏಳಬಹುದು. ಈಗ ಉಸ್ಟೆಕಿನುಮ್ಯಾಬ್ ಎಂಬ ಬೇರೆ ಸೂಜಿಯ ಮೇಲಿದ್ದೇನೆ. ಅದು ಇಂಟರ್‌ಲ್ಯೂಕಿನ್-12 ಮತ್ತು 23 ಎರಡನ್ನೂ ತಡೆಯುತ್ತದೆ. 2009ರಲ್ಲಿ ಸೋರಿಯಾಸಿಸ್ಸಿಗೆ ಬಂದ ಔಷಧ ಅದು, 2016ರಲ್ಲಿ ಕ್ರೋನ್ಸಿಗೂ ಒಪ್ಪಿಗೆ ಸಿಕ್ಕಿತು. ಚರ್ಮಕ್ಕೆಂದು ಬಂದದ್ದು ಕರುಳಿಗೂ ಆಗಲು ಏಳು ವರ್ಷ ಬೇಕಾಯಿತು. ಲಾವಣಿಗೆ ಹಾಕಿದ ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಮೊಣಕೈ ಮೇಲೆ ಕಲೆ ಇನ್ನೂ ಇದೆ. ಎಲ್ಲ ಗುಣವಾಯಿತೇ ಎಂದು ಕೇಳುವವರಿಗೆ ಇಲ್ಲ ಎಂದೇ ಹೇಳುತ್ತೇನೆ. ಡ್ಯೂಟಿ ಮಾಡಿಕೊಂಡಿದ್ದೇನೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗದ್ದಲ ಹೆಚ್ಚು, ಮಷಿನಿನ ಗುಂಡಿ ಒತ್ತುವುದೂ ಹೆಚ್ಚು. ಹೆಬ್ಬೆರಳು ತಡೆದುಕೊಂಡಿದೆ.

ಆಸ್ಪತ್ರೆಗೆ ಹೋದಾಗ ಈಗ ಎರಡೂ ಫೈಲು ಒಂದೇ ದಾರದಲ್ಲಿ ಕಟ್ಟಿಕೊಂಡು ಹೋಗುತ್ತೇನೆ. ಚರ್ಮದ ಕೋಣೆಯಲ್ಲಿ ಹೊಟ್ಟೆಯ ಸುದ್ದಿ, ಹೊಟ್ಟೆಯ ಕೋಣೆಯಲ್ಲಿ ಚರ್ಮದ ಸುದ್ದಿ ಕೇಳದಿದ್ದರೂ ಹೇಳುತ್ತೇನೆ. ಗದ್ದಲದಲ್ಲಿ ಅವರಿಗೆ ಬೇಸರವಾಗುತ್ತದೆ ಎಂದು ಗೊತ್ತು. ನನ್ನ ಪಾಳಿಯವರೆಗೆ ಕಾದು ಕುಳಿತವರ ಪೈಕಿ ಮೊಣಕೈ ಮುಚ್ಚಿಕೊಂಡವರು ಕಂಡರೆ ಅವರ ಹತ್ತಿರ ಕುಳಿತು ಮಾತಾಡಿಸುತ್ತೇನೆ.

ಕಳೆದ ತಿಂಗಳು ಮುಂಡರಗಿಯಿಂದ ಅಕ್ಕ ಫೋನ್ ಮಾಡಿದ್ದಳು. ಅವಳ ಮಗನ ತಲೆಯಲ್ಲಿ, ಕಿವಿಯ ಹಿಂದೆ ಹೊಟ್ಟು ಏಳುತ್ತಿದೆ, ನಿನ್ನ ಹಾಗೇ ಆಗೇತಿ, ಯಾವ ಮುಲಾಮು ಹಚ್ಚಲಿ ಎಂದು ಕೇಳಿದಳು. ಫೋನ್ ಅವನ ಕೈಗೆ ಕೊಡು ಅಂದೆ. ಹತ್ತೊಂಬತ್ತರ ಹುಡುಗ. ತಲೆಯ ವಿಷಯ ಆಮೇಲೆ, ಹೊಟ್ಟಿ ಹೆಂಗೈತಿ ಎಂದು ಕೇಳಿದೆ. ಸುಮ್ಮನಾದ. ಸಂಡಾಸಕ್ಕೆ ದಿನಕ್ಕೆ ಎಷ್ಟು ಸಲ ಹೋಗತಿ, ರಾತ್ರಿ ಏಳತೀಯೇನು, ರಕ್ತ ಬೀಳತೈತೇನು ಎಂದು ಒಂದೊಂದಾಗಿ ಕೇಳಿದೆ. 'ಮಾಮಾ, ಅವ್ವಗ ಹೇಳಬ್ಯಾಡ' ಅಂದ. ನಾಲ್ಕು ತಿಂಗಳಿಂದ ಬೀಳುತ್ತಿತ್ತಂತೆ. ಅಕ್ಕನಿಗೆ ನಾನೇ ಹೇಳಿದೆ. ಕರುಳಿನಲ್ಲಿ ಉರಿಯೂತ ಇದೆಯೋ ಎಂದು ಮಲದಿಂದಲೇ ಗೊತ್ತುಮಾಡುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದೆವು. ಹೆಚ್ಚು ಬಂದಿದೆ. ಅವನ ಕೊಲೊನೊಸ್ಕೋಪಿ ಬರುವ ಗುರುವಾರ. ಪುಡಿ ಕಲಸಿ ಕುಡಿಯುವ ರಾತ್ರಿ ನಮ್ಮ ಮನೆಯಲ್ಲೇ ಇರಲಿ ಎಂದು ಹೇಳಿದ್ದೇನೆ. ನನ್ನ ಹೆಂಡತಿಗೆ ಲೋಟಕ್ಕೆ ಎಷ್ಟು ಹೊತ್ತು ಬಿಡಬೇಕು ಎಂಬುದು ಗೊತ್ತಿದೆ.